ಈ ವರ್ಷ ಅಮೆರಿಕದ ಅರಿಜೋನಾದ ಫೀನಿಕ್ಸ್‌ಗೆ ಊರಿಂದ ದೊಡ್ಡವರನ್ನು ಕರೆಸಿದವರು ಹೇಳಿ: ಹೊಸದೇನಿದೆ, ಎಲ್ಲಿಗೆ ಕರೆದುಕೊಂಡು ಹೋದಿರಿ, ಎಷ್ಟು ಖರ್ಚಾಯಿತು?

ಸಾಗರದ ಸೊಸೆ, ಚಾಂಡ್ಲರ್

ಎಲ್ಲರಿಗೂ ನಮಸ್ಕಾರ. ಅತ್ತೆ, ಮಾವ ಏಪ್ರಿಲ್ ಕೊನೆಗೆ ಸಾಗರದಿಂದ ಬರುತ್ತಿದ್ದಾರೆ. ಜುಲೈ ಮಧ್ಯದ ತನಕ ಇರುತ್ತಾರೆ. ಮಾವನಿಗೆ 71, ಒಂದು ಮಂಡಿ ಆಪರೇಷನ್ ಆಗಿದೆ. ನಿಧಾನಕ್ಕೆ ಅರ್ಧ ಮೈಲಿ ನಡೆಯುತ್ತಾರೆ, ಮೆಟ್ಟಿಲು ಆಗಲ್ಲ. ಅತ್ತೆಗೆ ಗಿಡ ಅಂದರೆ ಪ್ರಾಣ. ನಾವೇ ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಇಬ್ಬರಿಗೂ ವಾರವಿಡೀ ಆಫೀಸ್. 2026 ರಲ್ಲಿ ಫೀನಿಕ್ಸ್ ನೋಡಲು ಬರುವವರಿಗೆ ಹೊಸದೇನಿದೆ? ಹಳೇ ಲೇಖನಗಳಲ್ಲಿರುವ ದರ, ಸಮಯ ಎಲ್ಲ ಬದಲಾಗಿದೆ ಅಂತ ಕೇಳಿದೆ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊಸ ಫೀಸ್ ಬಂದಿದೆಯಂತೆ, ನಿಜವಾ? ನಿಮ್ಮ ಮನೆಯವರು ಬಂದಾಗ ಏನು ಮಾಡಿದಿರಿ, ದಯವಿಟ್ಟು ಬರೆಯಿರಿ.

ಹಾಸನದವ, ಗಿಲ್ಬರ್ಟ್

ಫೀಸ್ ಬಂದಿರುವುದು ನಿಜ. ಜನವರಿ 1 ರಿಂದ ಶುರು. ಅಮೆರಿಕದಲ್ಲಿ ವಾಸ ಇಲ್ಲದ, 16 ತುಂಬಿದ ಪ್ರತಿಯೊಬ್ಬರಿಗೂ ತಲೆಗೆ 100 ಡಾಲರ್ ಜಾಸ್ತಿ. ದೇಶದ 11 ದೊಡ್ಡ ಪಾರ್ಕುಗಳಿಗೆ ಹಾಕಿದ್ದಾರೆ. ಗ್ರ್ಯಾಂಡ್ ಕ್ಯಾನ್ಯನ್, ಜೈಯನ್, ಬ್ರೈಸ್ ಮೂರೂ ಅದರಲ್ಲಿವೆ.

ನಮ್ಮ ಮನೆಯಲ್ಲಿ ಏನಾಯಿತು ಕೇಳಿ. ಅಕ್ಕ, ಭಾವ ಬೆಂಗಳೂರಿಂದ ಡಿಸೆಂಬರ್‌ನಲ್ಲಿ ಬಂದರು. ಕ್ರಿಸ್‌ಮಸ್ ರಜೆಗೆ ಅಂತ ಕಣಿವೆಯ ಅಂಚಿನಲ್ಲೇ ರೂಮು ಹಿಡಿದಿದ್ದೆ. ರಾತ್ರಿಗೆ 240 ಡಾಲರ್, ಟ್ಯಾಕ್ಸ್ ಬೇರೆ. ಡಿಸೆಂಬರ್ ಮೊದಲ ವಾರ ಕಣಿವೆಯೊಳಗಿನ ನೀರಿನ ಪೈಪ್ ಒಡೆಯಿತು. 6 ನೇ ತಾರೀಖಿನಿಂದ ದಕ್ಷಿಣದ ಅಂಚು, ಅಂದರೆ ಸೌತ್ ರಿಮ್‌ನಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಿದರು. ಬುಕಿಂಗ್ ರದ್ದು. ರೂಮಿನ ದುಡ್ಡು ವಾಪಸ್ ಬಂತು. ಬಾಡಿಗೆ ಕಾರಿಗೆ ಮುಂಚೆಯೇ ಕಟ್ಟಿದ್ದ 186 ಡಾಲರ್ ಬರಲಿಲ್ಲ. ಆ ಕಾರಿನ ಕಂಪನಿಯವರ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದೆ. ಪ್ರಯೋಜನ ಆಗಲಿಲ್ಲ.

ಭಾವ "ಜನವರಿಯಲ್ಲಿ ಹೋದರಾಯಿತು ಬಿಡೋ" ಅಂದರು. ನನಗೆ ರಜೆ ಇರಲಿಲ್ಲ, ಅವರಿಬ್ಬರೇ ಬೇರೆ ಕಾರು ಮಾಡಿಕೊಂಡು ಹೋದರು. ಗೇಟಿನಲ್ಲಿ ಗಾಡಿಗೆ 35, ಇಬ್ಬರಿಗೆ 200, ಒಟ್ಟು 235 ಡಾಲರ್. ಡಿಸೆಂಬರ್‌ನಲ್ಲಿ ಹೋಗಿದ್ದರೆ 35 ರಲ್ಲಿ ಮುಗಿಯುತ್ತಿತ್ತು. ಹೊರದೇಶದವರಿಗೆ ವರ್ಷದ ಪಾಸ್ 250. ಇನ್ನು 15 ಡಾಲರ್ ಸೇರಿಸಿದರೆ ಪಾಸ್ ಸಿಗುತ್ತದೆ ಅಂತ ಅವರು ಹೊರಡುವ ಮುಂಚೆಯೇ ನಾನು ಭಾವನಿಗೆ ಹೇಳಿದ್ದೆ. "ಒಂದು ಪಾರ್ಕಿಗೆ ಪಾಸ್ ಯಾಕೆ" ಅಂದರು. ಮರುವಾರ ಅಕ್ಕನಿಗೆ ಜೈಯನ್ ನೋಡಬೇಕು ಅನ್ನಿಸಿತು. ಅಲ್ಲಿ ಮತ್ತೆ 235. ಎರಡೂ ಸೇರಿ 470. ಅದರ ಮೇಲೆ ಪೆಟ್ರೋಲ್, ಪಾರ್ಕಿನ ಗೇಟಿನ ಹತ್ತಿರದ ಊರು ಟುಸಾಯನ್‌ನಲ್ಲಿ ಹೋಟೆಲ್, ಅಕ್ಕನಿಗೆ ಅರ್ಜೆಂಟಾಗಿ ಕೊಂಡ 90 ಡಾಲರಿನ ಜಾಕೆಟ್. ಜನವರಿಯಲ್ಲಿ ಅಲ್ಲಿ ಹಿಮ ಬೀಳುತ್ತದೆ. ಫೀನಿಕ್ಸ್‌ನಲ್ಲಿ ಅರ್ಧ ತೋಳಿನ ಶರ್ಟು ಹಾಕಿದವರು 7000 ಅಡಿ ಮೇಲೆ ಹೋಗಿ ನಡುಗುತ್ತಾರೆ.

ಮೊದಲ ದಿನ ಕಣಿವೆ ತುಂಬ ಮೋಡ. ಮೇಥರ್ ಪಾಯಿಂಟ್‌ನಲ್ಲಿ ಕಂಬಿ ಹಿಡಿದು ನಿಂತರೆ ಎದುರಿಗೆ ಬಿಳಿ ಗೋಡೆ ಅಷ್ಟೇ. ಮಾರನೇ ದಿನ ಬೆಳಿಗ್ಗೆ ಬಿಟ್ಟುಕೊಟ್ಟಿತು ಅನ್ನುವುದೊಂದೇ ಸಮಾಧಾನ.

ಒಂಟಿಕೊಪ್ಪಲ್, ಸ್ಕಾಟ್ಸ್‌ಡೇಲ್

ಇದರಲ್ಲಿ ಅನ್ಯಾಯ ಏನಿದೆ ಹೇಳಿ? ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ನಮಗೆ 40 ರೂಪಾಯಿ, ವಿದೇಶದವರಿಗೆ 600. ಅಂದರೆ 15 ಪಟ್ಟು. ನಾವು ಅದನ್ನು ಸರಿ ಅಂತ ಒಪ್ಪಿಕೊಂಡೇ ಬೆಳೆದಿದ್ದೇವೆ. ಇಲ್ಲಿ ಅದೇ ಮಾಡಿದರೆ ಮಾತ್ರ ಅಳುವುದಾ?

ನಾವು ಫೆಬ್ರವರಿಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ನಾಲ್ಕೂ ಜನರನ್ನು ಇಟ್ಟುಕೊಂಡು ಬೇರೆ ದಾರಿ ಹುಡುಕಿದೆವು. ಟ್ಯೂಸಾನಿನ ಸಗ್ವಾರೋ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋದೆವು. ಗಾಡಿಗೆ 25 ಡಾಲರ್, ಅಷ್ಟೇ. ಅದು ಆ 11 ರ ಪಟ್ಟಿಯಲ್ಲಿಲ್ಲ, ಹಾಗಾಗಿ ತಲೆಗೆ 100 ರ ಮಾತೇ ಇಲ್ಲ. ಟಿಕೆಟ್ ಏಳು ದಿನ ನಡೆಯುತ್ತದೆ. ಪೂರ್ವದ ಭಾಗದಲ್ಲಿ ಕಾರಿನಲ್ಲೇ ಸುತ್ತುವ ಡಾಂಬರು ರಸ್ತೆ ಇದೆ. ಇಳಿಯಬೇಕೆಂದರೆ ಇಳಿಯಿರಿ, ಬೇಡ ಅಂದರೆ ಎಸಿ ಹಾಕಿಕೊಂಡು ಕೂತಿರಿ. ಅಪ್ಪನಿಗೆ ಆ ಎತ್ತರದ ಸಗ್ವಾರೋ ಕಳ್ಳಿಗಳನ್ನು ನೋಡಿ ಮಾತೇ ಹೊರಡಲಿಲ್ಲ. ಮೊದಲ ತೋಳು ಒಡೆಯುವುದಕ್ಕೇ ಐವತ್ತು, ಎಪ್ಪತ್ತು ವರ್ಷ ಬೇಕು ಅಂತ ಬೋರ್ಡಿನಲ್ಲಿ ಓದಿ, ಐದಾರು ತೋಳಿನ ಒಂದು ಗಿಡದ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು.

ಗ್ರ್ಯಾಂಡ್ ಕ್ಯಾನ್ಯನ್ ನೋಡಲೇಬೇಕು ಅಂತ ಎಲ್ಲಿ ಬರೆದಿದೆ?

ಹಾಸನದವ, ಗಿಲ್ಬರ್ಟ್

@ಒಂಟಿಕೊಪ್ಪಲ್ ಮೇಡಂ, 600 ರೂಪಾಯಿ ಅಂದರೆ ಏಳು ಡಾಲರ್ ಕೂಡ ಆಗಲ್ಲ. ಅದಕ್ಕೂ 100 ಡಾಲರಿಗೂ ಹೋಲಿಕೆ ಮಾಡುತ್ತೀರಲ್ಲ. ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುವ ಮೇಷ್ಟ್ರು ನಮ್ಮ ಭಾವ. ಅವರಿಗೆ ಆ 470 ಡಾಲರ್ ಎಷ್ಟು ಅಂತ ಲೆಕ್ಕ ಹಾಕಿ. ಇನ್ನೊಂದು ವಿಷಯ. ನನ್ನ ಹೆಂಡತಿಗೆ ಅಮೆರಿಕದ ಪಾಸ್‌ಪೋರ್ಟ್. ಹಂಪಿಯಲ್ಲಿ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ತೋರಿಸಿದರೆ ಅವಳಿಗೂ 40 ರೂಪಾಯಿಯೇ. ನಮ್ಮ ಕಡೆ ಸಂಬಂಧ ಇದ್ದವರಿಗೆ ಬಾಗಿಲು ತೆರೆದಿದೆ. ಇಲ್ಲಿ ತೆರಿಗೆ ಕಟ್ಟುವ ತಮ್ಮನ ಮನೆಗೆ ಬಂದ ಅಕ್ಕನಿಗೆ ಏನೂ ಇಲ್ಲ.

ಒಂಟಿಕೊಪ್ಪಲ್, ಸ್ಕಾಟ್ಸ್‌ಡೇಲ್

ತೆರಿಗೆ ಕಟ್ಟುವವರಿಗೆ ರಿಯಾಯಿತಿ ಇದೆಯಲ್ಲ ಸರ್. ಇಲ್ಲಿ ವಾಸ ಇರುವವರಿಗೆ ವರ್ಷದ ಪಾಸ್ 80 ಡಾಲರೇ. ಸರ್ಕಾರ ಕೊಟ್ಟ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು ಅಷ್ಟೇ. ಎಚ್‌-1ಬಿ ಕೆಲಸದ ವೀಸಾ ಇದ್ದರೂ ಅರಿಜೋನಾದ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಪಾರ್ಕುಗಳ ರಿಪೇರಿಗೆ ದುಡ್ಡು ಬೇಕು. ನಿಮ್ಮ ಪೈಪು ಒಡೆದದ್ದು ಅದಕ್ಕೇ ತಾನೆ?

ತುಮಕೂರು, ಟೆಂಪಿ

ಫೀಸಿನ ಜಗಳ ಆಮೇಲೆ ಆಡಿ. ಕೇಳಿದವರು ಕೇಳಿದ್ದು ಊರಲ್ಲಿ ಹೊಸದೇನು ಅಂತ. ನನ್ನ ಪ್ರಕಾರ ಈ ವರ್ಷದ ದೊಡ್ಡ ಬದಲಾವಣೆ ಚಾಲಕ ಇಲ್ಲದ ಕಾರು. ವೇಮೋ ಕಂಪನಿಯ ಅಂಥ ಕಾರು ಇಲ್ಲಿ 2020 ರಿಂದ ಜನರನ್ನು ಕೂರಿಸಿಕೊಂಡು ಓಡಾಡುತ್ತಿದೆ, ಅದು ಹಳೇ ಸುದ್ದಿ. ಆದರೆ ಹೋದ ನವೆಂಬರ್ ತನಕ ಫ್ರೀವೇ ಹತ್ತುತ್ತಿರಲಿಲ್ಲ. ಈಗ ಹತ್ತುತ್ತದೆ. ಇದರಿಂದ ಏರ್‌ಪೋರ್ಟಿನ ಲೆಕ್ಕವೇ ಬೇರೆ ಆಗಿದೆ.

ಅಮ್ಮನಿಗೆ 68. ಊರಲ್ಲಿ ಆಟೋದವನ ಜೊತೆ ಚೌಕಾಸಿ ಮಾಡದೆ ಹತ್ತಿದವರಲ್ಲ. ಇಲ್ಲಿ ಅವರೊಬ್ಬರೇ ಹಗಲು ಹೊತ್ತು ಲೈಬ್ರರಿಗೆ, ದಿನಸಿ ಅಂಗಡಿಗೆ ಹೋಗಿ ಬರುತ್ತಾರೆ. ನಾನು ಆಫೀಸಿನಿಂದ ನನ್ನ ಫೋನಿನಲ್ಲಿ ಕಾರು ಕರೆಸುತ್ತೇನೆ. ಕಾರಿನ ನೆತ್ತಿಯ ಮೇಲೆ ಅವರ ಹೆಸರಿನ ಮೊದಲ ಅಕ್ಷರಗಳು ಬೆಳಗುತ್ತವೆ, ಅದನ್ನು ನೋಡಿ ಹತ್ತುತ್ತಾರೆ. ಮೊದಲ ಸಲ ಸ್ಟೀರಿಂಗ್ ತಾನೇ ತಿರುಗುವುದನ್ನು ನೋಡಿ ಸೀಟಿನ ಅಂಚು ಹಿಡಿದು ಕೂತಿದ್ದರು. ಈಗ ಹಿಂದೆ ಕೂತು ಬಟಾಣಿ ಬಿಡಿಸುತ್ತಾರೆ. ಟಿಪ್ಸ್ ಇಲ್ಲ. ದಾರಿಯಲ್ಲಿ ಯಾರೂ "ನೀವು ಯಾವ ಊರು, ಯಾವಾಗ ವಾಪಸ್" ಅಂತ ಕೇಳಲ್ಲ. ಲೈಬ್ರರಿಗೆ ಸಾಮಾನ್ಯವಾಗಿ 9 ರಿಂದ 12 ಡಾಲರ್. ಶನಿವಾರ ಸಂಜೆ ಅದೇ ದಾರಿಗೆ 21 ತೋರಿಸಿದೆ.

ಇದಕ್ಕೆ ಮುಂಚೆ ಮನುಷ್ಯರು ಓಡಿಸುವ ಕ್ಯಾಬೊಂದರಲ್ಲಿ ಅಮ್ಮನನ್ನು ಕಳಿಸಿದ್ದೆ. ಬೇರೆ ಗೇಟಿನಲ್ಲಿ ಇಳಿಸಿ ಹೋದ. ಮಧ್ಯಾಹ್ನ ಎರಡು ಗಂಟೆ, ಫೋನ್ ಚಾರ್ಜ್ ಇಲ್ಲ, ಇಂಗ್ಲಿಷ್ ಬರಲ್ಲ. ಅವರನ್ನು ಹುಡುಕಿಕೊಂಡು ನಾನು ಮೀಟಿಂಗ್ ಬಿಟ್ಟು ಓಡಿದೆ. ಆವತ್ತಿನಿಂದ ಯಂತ್ರವೇ ವಾಸಿ ಅಂತ ನಿರ್ಧಾರ ಮಾಡಿದ್ದೇನೆ.

ಕಲಬುರಗಿ ಮಂದಿ, ಪಿಯೋರಿಯಾ

ವಯಸ್ಸಾದವರನ್ನು ಯಾರೂ ಇಲ್ಲದ ಗಾಡಿಯಲ್ಲಿ ಕೂರಿಸಿ ಕಳಿಸುವುದು ನನಗೆ ಒಪ್ಪಿಗೆ ಇಲ್ಲರೀ. ಎದೆನೋವು ಬಂದರೆ ಯಾರಿಗೆ ಹೇಳಬೇಕು? ಕರೆಸಿದ ಮೇಲೆ ಜೊತೆಗೆ ಹೋಗಬೇಕು. ನಾವು ಅಪ್ಪ, ಅವ್ವನನ್ನು ಎಲ್ಲಾ ಕಡೆ ನಮ್ಮ ಕಾರಿನಲ್ಲೇ ತಿರುಗಿಸಿದ್ದೇವೆ.

ಇನ್ನೊಂದು ಮಾತು. ಎಲ್ಲರೂ ಬಿಸಿಲು ಬಿಸಿಲು ಅಂತ ಹೆದರಿಸುತ್ತಾರೆ. ನಮ್ಮ ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳು 43, 44 ಡಿಗ್ರಿ ಮಾಮೂಲಿ. ಹೊಲದಲ್ಲಿ ಕೆಲಸ ಮಾಡಿದ ಜನ ನಾವು. ಹೋದ ವರ್ಷ ಜೂನ್‌ನಲ್ಲೇ ಬಂದಿದ್ದರು, ಏನೂ ಆಗಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಪಾಪಾಗೋ ಪಾರ್ಕಿನ ಬಂಡೆ ತೂತಿನ ತನಕ ನಡೆದಿದ್ದೇವೆ. ಅಪ್ಪ ಧೋತರ ಎತ್ತಿ ಕಟ್ಟಿ ನಮಗಿಂತ ಮುಂಚೆ ಮೇಲೆ ಹೋಗಿ ಕೂತಿದ್ದರು. ಜೂನ್, ಜುಲೈನಲ್ಲಿ ಹೋಟೆಲ್ ದರ ಅರ್ಧಕ್ಕೆ ಇಳಿದಿರುತ್ತದೆ. ಮಾರ್ಚ್‌ನಲ್ಲಿ ಬೇಸ್‌ಬಾಲ್ ತಂಡಗಳು ಪ್ರಾಕ್ಟೀಸಿಗೆ ಇಲ್ಲಿಗೇ ಬರುತ್ತವೆ, ಆಗ ರೂಮಿಗೆ ಬಾಯಿಗೆ ಬಂದ ರೇಟು. ನಾವು ಸ್ಕಾಟ್ಸ್‌ಡೇಲಿನ ಈಜುಕೊಳದ ರೆಸಾರ್ಟಿನಲ್ಲಿ 119 ಡಾಲರಿಗೆ ಇದ್ದು ಬಂದೆವು. ಮಾರ್ಚ್‌ನಲ್ಲಿ ಅದೇ ರೂಮು 410 ತೋರಿಸುತ್ತಿತ್ತು.

ಟೆಂಪಿ ನರ್ಸ್

ಕಲಬುರಗಿ ಅಣ್ಣ, ನಿಮ್ಮ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ಇದನ್ನು ಓದಿ ಯಾರಾದರೂ ಮಂಡಿ ಆಪರೇಷನ್ ಆದವರನ್ನು ಜುಲೈನಲ್ಲಿ ಬಂಡೆ ಹತ್ತಿಸಿದರೆ ಏನು ಗತಿ?

ಊರಿನ ಬಿಸಿಲೇ ಬೇರೆ, ಇದೇ ಬೇರೆ. 2023 ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯ ತನಕ ಇಲ್ಲಿ 110 ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಮುಟ್ಟಿದ ದಿನಗಳು ಒಂದರ ಹಿಂದೆ ಒಂದು 31. ಆ ಜುಲೈನಲ್ಲಿ ಒಂದು ದಿನ, ಇಡೀ ರಾತ್ರಿಯ ಅತಿ ಕಡಿಮೆ ತಾಪಮಾನವೇ 97, ಅಂದರೆ 36 ಡಿಗ್ರಿ. ರಾತ್ರಿ ಮೈ ತಣ್ಣಗಾಗದೆ ಇರುವುದೇ ಪ್ರಾಣ ತೆಗೆಯುವುದು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ (ಜಿಲ್ಲೆ ಇದ್ದ ಹಾಗೆ) ಬಿಸಿಲಿಗೆ ಸಂಬಂಧಪಟ್ಟ ಸಾವು 645. 2024 ರಲ್ಲಿ 100 ಫ್ಯಾರನ್‌ಹೀಟ್ ಮುಟ್ಟಿದ ದಿನಗಳು ಸಾಲಾಗಿ 113. ಬಿಸಿಲಿನ ಎಚ್ಚರಿಕೆ ಕೊಟ್ಟ ದಿನ ಕ್ಯಾಮಲ್‌ಬ್ಯಾಕ್, ಪಿಯೆಸ್ಟೆವಾ ಗುಡ್ಡಗಳ ಹಾದಿಯನ್ನು ಹಗಲು ಹೊತ್ತು ಸಂಜೆ 5 ರ ತನಕ ನಗರದವರೇ ಮುಚ್ಚುತ್ತಾರೆ. ಸುಮ್ನೆ ಮುಚ್ಚುತ್ತಾರಾ?

ನಮ್ಮಪ್ಪನದು ಹೇಳುತ್ತೇನೆ. ಹೋದ ಜೂನ್. ಗುಡ್ಡ ಹತ್ತಲಿಲ್ಲ, ಏನೂ ಇಲ್ಲ. ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೇವೆ ಅಂತ ಹುಡುಕುತ್ತಾ ಇದ್ದರು. ಕಾಲು ಗಂಟೆ ಇರಬಹುದು. ಬೆವರೇ ಕಾಣಲಿಲ್ಲ, ಒಣ ಗಾಳಿಗೆ ಹಾಗೇ ಆರಿಹೋಗುತ್ತದೆ. ಅದಕ್ಕೇ ಊರಿನವರಿಗೆ ಗೊತ್ತಾಗುವುದಿಲ್ಲ. ಕಾರಿನ ಬಾಗಿಲ ಹಿಡಿ ಮುಟ್ಟಿ ಕೈ ಹಿಂದಕ್ಕೆ ತೆಗೆದರು, ಹಾಗೇ ಕುಸಿದರು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಎರಡು ಬಾಟಲ್ ಸಲೈನ್, ರಕ್ತ ಪರೀಕ್ಷೆ, ಇಸಿಜಿ, ರಾತ್ರಿ ಅಲ್ಲೇ ಇಟ್ಟುಕೊಂಡರು. ಬಿಲ್ 11,340 ಡಾಲರ್. ಆಂಬುಲೆನ್ಸ್ ಬೇರೆ, 1,480. ವಿಸಿಟರ್ ವಿಮೆ ಇತ್ತು. ವಿಮೆ ಕಂಪನಿಯವರು "ಇವರಿಗೆ ಮುಂಚೆಯೇ ಬಿಪಿ ಇತ್ತು" ಅಂತ ತಕರಾರು ತೆಗೆದರು. ಊರಿನ ಡಾಕ್ಟರರಿಂದ ಹಳೇ ಕಾಗದ ತರಿಸಿ, ನೋಟರಿ ಮಾಡಿಸಿ, ಫ್ಯಾಕ್ಸ್ ಮಾಡಿ, ಅದು ತಲುಪಿಲ್ಲ ಅಂದರು ಅಂತ ಮತ್ತೆ ಕಳಿಸಿ, ಕೊನೆಗೆ ಡಿಡಕ್ಟಿಬಲ್, ಅಂದರೆ ನಾವೇ ಕಟ್ಟಬೇಕಾದ ಮೊದಲ 500 ಕಳೆದು ಮುಕ್ಕಾಲು ಭಾಗ ಕೊಟ್ಟರು. ಉಳಿದದ್ದನ್ನು ಈಗಲೂ ಕಂತಿನಲ್ಲಿ ಕಟ್ಟುತ್ತಿದ್ದೇನೆ. ವಿಮೆ ತೆಗೆದುಕೊಳ್ಳುವಾಗ ಮೊದಲಿನಿಂದ ಇರುವ ಕಾಯಿಲೆ ದಿಢೀರ್ ಹೆಚ್ಚಾದರೆ ಕೊಡುತ್ತಾರಾ ಅನ್ನುವ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ.

ಕಲಬುರಗಿ ಮಂದಿ, ಪಿಯೋರಿಯಾ

ತಂಗಿ, ನಿಮ್ಮ ತಂದೆಗೆ ಆದದ್ದಕ್ಕೆ ಬೇಜಾರಾಯಿತು. ಆದರೆ ನಾನು ಹೇಳಿದ್ದು ಬೆಳಿಗ್ಗೆ ಐದು ಗಂಟೆಗೆ. ಮಧ್ಯಾಹ್ನ ಪಾರ್ಕಿಂಗಿನಲ್ಲಿ ಓಡಾಡಿ ಅಂತ ಹೇಳಿಲ್ಲ. ಓದಿ ಉತ್ತರ ಕೊಡಿ.

ಟೆಂಪಿ ನರ್ಸ್

"ಏನೂ ಆಗಲಿಲ್ಲ" ಅಂತ ಬರೆದಿದ್ದೀರಿ ಅಣ್ಣ. ಆಗುವ ಮುಂಚೆ ಎಲ್ಲರೂ ಹಾಗೇ ಹೇಳುತ್ತಾರೆ. ಆಸ್ಪತ್ರೆಗೆ ಪಾದ ಸುಟ್ಟುಕೊಂಡು ಬರುತ್ತಾರೆ, ನೋಡಿದ್ದೀರಾ? ಜುಲೈ ಮಧ್ಯಾಹ್ನದ ಡಾಂಬರು ಚರ್ಮ ಸುಲಿಯುವಷ್ಟು ಕಾದಿರುತ್ತದೆ. ನಮ್ಮವರಿಗೆ ಬರಿಗಾಲಿನ ಅಭ್ಯಾಸ. ನಮ್ಮಮ್ಮ ಒಂದು ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಬಂದರು. ಮಂಗಳಾರತಿ ಮುಗಿಸಿ ಬರುವಷ್ಟರಲ್ಲಿ ಅಂಟು ಕರಗಿ ಅಟ್ಟೆ ಕಿತ್ತು ಬಂದಿತ್ತು. ಕಾರಿನ ತನಕ ಟವೆಲ್ ಹಾಸಿ ನಡೆಸಿದೆ. ಸಾಗರದವರೇ, ಮಾರಿಕೋಪಾ ಊರಿನ ಮಹಾ ಗಣಪತಿ ದೇವಸ್ಥಾನಕ್ಕೆ ಹೇಗೂ ಹೋಗುತ್ತೀರಿ. ಬೆಳಿಗ್ಗೆ ಹೋಗಿ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ, ಚಪ್ಪಲಿ ನೆರಳಲ್ಲಿ ಬಿಡಿಸಿ.

ಕುಂದಾಪ್ರ, ಡೌನ್‌ಟೌನ್

ಯಾರೂ ರೈಲಿನ ಬಗ್ಗೆ ಬರೆಯಲೇ ಇಲ್ಲವಲ್ಲ. 2025 ರ ಜೂನ್ 7 ಕ್ಕೆ ದಕ್ಷಿಣದ ಲೈಟ್ ರೈಲು ಶುರುವಾಯಿತು. ಡೌನ್‌ಟೌನಿನಿಂದ ಬೇಸ್‌ಲೈನ್ ರಸ್ತೆಯ ತನಕ ಐದೂವರೆ ಮೈಲಿ. ಈಗ ಎರಡು ಲೈನ್. ಎ ಲೈನ್ ಮೆಸಾದಿಂದ ಟೆಂಪಿ ಮೇಲೆ ಡೌನ್‌ಟೌನಿಗೆ. ಬಿ ಲೈನ್ ಉತ್ತರದ ಮೆಟ್ರೋ ಪಾರ್ಕ್‌ವೇಯಿಂದ ದಕ್ಷಿಣಕ್ಕೆ. ಮೊದಲು ಮೆಸಾದಲ್ಲಿ ಹತ್ತಿದರೆ ಉತ್ತರದ ತುದಿಯ ತನಕ ಒಂದೇ ಗಾಡಿ, ಈಗ ಡೌನ್‌ಟೌನಿನಲ್ಲಿ ಬದಲಾಯಿಸಬೇಕು. ಹಳೇ ವಿಡಿಯೋ ನೋಡಿ ಹೊರಟವರು ಎಡವುವುದು ಇಲ್ಲೇ. ಒಂದು ಸಲಕ್ಕೆ 2 ಡಾಲರ್, ದಿನಕ್ಕೆ 4. ಪ್ಲಾಟ್‌ಫಾರ್ಮ್, ಗಾಡಿ ಒಂದೇ ಮಟ್ಟ, ಮೆಟ್ಟಿಲಿಲ್ಲ. ಚಾಂಡ್ಲರ್‌ಗೆ ರೈಲಿಲ್ಲ. ಪ್ರೈಸ್-ಅಪಾಚೆ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ಹತ್ತಿ.

ನಾನು ಅಪ್ಪಯ್ಯನನ್ನು ದಿನದ ಪಾಸಿನಲ್ಲಿ ಊರು ಸುತ್ತಿಸಿದೆ. ಇಬ್ಬರಿಗೂ ಸೇರಿ 8 ಡಾಲರ್. ಹರ್ಡ್ ಮ್ಯೂಸಿಯಂಗೆ ಬಿ ಲೈನಿನಲ್ಲೇ ಹೋಗಬಹುದು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋಗಿ ಬೋರ್ಡಿಂಗ್ ಶಾಲೆಗೆ ಹಾಕಿ, ಕೂದಲು ಕತ್ತರಿಸಿ, ಅವರ ಮಾತು ಆಡದ ಹಾಗೆ ಮಾಡಿದ್ದನ್ನು ಅಲ್ಲಿ ಬಿಡಿಸಿ ತೋರಿಸಿದ್ದಾರೆ. ಅಪ್ಪಯ್ಯ ಕನ್ನಡ ಶಾಲೆ ಮೇಷ್ಟ್ರಾಗಿದ್ದವರು. ಆ ಕೋಣೆಯಲ್ಲಿ ಬಹಳ ಹೊತ್ತು ನಿಂತರು.

ಇನ್ನೊಂದು ಸೆದಾವ್ ವಾಕಿ ಮ್ಯೂಸಿಯಂ. ಹಳೇ ಲೇಖನದಲ್ಲಿ ಪ್ಯೂಬ್ಲೋ ಗ್ರಾಂಡೆ ಅಂತ ಇರುತ್ತದೆ, 2023 ರಲ್ಲಿ ಹೆಸರು ಬದಲಾಯಿತು. ಏರ್‌ಪೋರ್ಟಿನ ಪಕ್ಕದಲ್ಲೇ ಇದೆ. ಹಿಂದೆ ಇಲ್ಲಿದ್ದ ಮೂಲನಿವಾಸಿ ಹೊಹೊಕಂ ಜನ ಕೈಯಿಂದ ತೋಡಿದ ಕಾಲುವೆಗಳ ಗುರುತು ಅಲ್ಲಿ ಕಾಣುತ್ತದೆ. ನೂರಾರು ಮೈಲಿ ತೋಡಿದ್ದರು. ಈಗಿನ ಫೀನಿಕ್ಸಿನ ಕಾಲುವೆಗಳು ಎಷ್ಟೋ ಕಡೆ ಅದೇ ಜಾಡಿನಲ್ಲಿವೆ. ಹಳೇ ಊರಿನ ಅವಶೇಷದ ಮೇಲೆ ಎದ್ದ ಊರು ಅಂತಲೇ ಇದಕ್ಕೆ ಬೂದಿಯಿಂದ ಮತ್ತೆ ಹುಟ್ಟುವ ಕಥೆಯ ಹಕ್ಕಿ ಫೀನಿಕ್ಸ್‌ನ ಹೆಸರಿಟ್ಟರು. ಇಲ್ಲಿಗೆ ಬಂದವರು ಬರೀ ರೆಸಾರ್ಟ್, ಶಾಪಿಂಗ್ ಅಂತ ತಿರುಗಿ ಇದನ್ನು ಬಿಟ್ಟು ಹೋಗುವುದು ನನಗೆ ನಿಜವಾಗಿ ಸಂಕಟ ಆಗುತ್ತದೆ.

ತುಮಕೂರು, ಟೆಂಪಿ

ಐದೂವರೆ ಮೈಲಿ ರೈಲು ಹಾಕಲು 2019 ರಿಂದ 2025 ರ ತನಕ ರಸ್ತೆ ಅಗೆದರು. ಸೆಂಟ್ರಲ್ ಅವೆನ್ಯೂ ಅಂಗಡಿಯವರ ಪಾಡು ಕೇಳಿದ್ದೀರಾ? ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್ ಹಳದಿ ಮಾರ್ಗ ಶುರು ಮಾಡಿದರು. ಅದಕ್ಕೆ ರೈಲು ಅನ್ನಬೇಕು. ಇಲ್ಲಿ ಕಾರೇ ಗತಿ.

ಕುಂದಾಪ್ರ, ಡೌನ್‌ಟೌನ್

ಹಳದಿ ಮಾರ್ಗಕ್ಕೆ ಜನ ಎಷ್ಟು ವರ್ಷ ಕಾದರು ಅಂತ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ. ನಾನು ಮಾಡಿದ್ದೇನೆ. ಸಿಲ್ಕ್ ಬೋರ್ಡಿನಲ್ಲಿ ನನ್ನ ಆಯಸ್ಸು ಕಳೆದಿದ್ದೇನೆ. ಅದು ಸಾಲದು ಅಂತ ಮೆಟ್ರೋಗೆ 2025 ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು. ಇಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ 2 ಡಾಲರ್. ಬಡವರು ಓಡಾಡುವ ದಕ್ಷಿಣ ಫೀನಿಕ್ಸಿಗೆ ರೈಲು ಬಂದಿದ್ದನ್ನು ಹೀಗಳೆಯಬೇಡಿ.

ಹಾಸನದವ, ಗಿಲ್ಬರ್ಟ್

ರೈಲಿನಲ್ಲಿ ಹೋಗಿ ಸ್ಟೇಷನ್ನಿನಿಂದ ಮ್ಯೂಸಿಯಂ ತನಕ ಜುಲೈನಲ್ಲಿ ನಡೆಯುವುದು ಯಾರು? 71 ರ ಮಾವನಾ?

ಅರಸೀಕೆರೆ ತೆಂಗಿನ ತೋಟ, ಮೆಸಾ

ಅತ್ತೆಗೆ ಗಿಡ ಅಂದರೆ ಪ್ರಾಣ ಅಂತ ಬರೆದಿದ್ದೀರಿ. ಅದನ್ನು ಒಬ್ಬರೂ ನೋಡಿದ ಹಾಗಿಲ್ಲ. ಏಪ್ರಿಲ್ ಕೊನೆಗೆ ಬರುತ್ತಿರುವುದು ಒಳ್ಳೇ ಕಾಲ. ಸಗ್ವಾರೋ ಹೂ ಬಿಡುವುದು ಆಗಲೇ, ಏಪ್ರಿಲ್ ಕೊನೆಯಿಂದ ಜೂನ್ ತನಕ. ತೋಳಿನ ತುದಿಯಲ್ಲಿ ಗುಂಪಾಗಿ ಮೊಗ್ಗು ಕೂತಿರುತ್ತದೆ. ರಾತ್ರಿ ಅರಳುತ್ತದೆ, ಮಾರನೇ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ದಪ್ಪ ಬಿಳಿ ಎಸಳು, ಮೇಣ ಹಚ್ಚಿದ ಹಾಗೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ಗೆ ಹೋದರೆ ಜೇನು, ಪಾರಿವಾಳ ಮುಗಿಬಿದ್ದಿರುವುದು ಕಾಣುತ್ತದೆ. ದಾರಿ ಸಮತಟ್ಟು, ಗಾಲಿಕುರ್ಚಿ ಹೋಗುತ್ತದೆ. ಟಿಕೆಟ್ ದಿನದಿಂದ ದಿನಕ್ಕೆ ಬದಲಾಗುತ್ತದೆ, ಮುಂಚೆಯೇ ಆನ್‌ಲೈನ್‌ನಲ್ಲಿ ನೋಡಿ. ನಾವು ವರ್ಷದ ಸದಸ್ಯತ್ವ ಮಾಡಿಸಿದೆವು. ಅಮ್ಮ ಇಲ್ಲಿದ್ದಷ್ಟು ಕಾಲ ಅವರಿಗೆ ಅದೇ ದೇವಸ್ಥಾನ.

ಜೂನ್ ಕೊನೆಗೆ ಹಣ್ಣು. ಇಲ್ಲಿನ ಮೂಲನಿವಾಸಿ ತೊಹೊನೊ ಓಧಮ್ ಜನ ಸಗ್ವಾರೋದ್ದೇ ಒಣಗಿದ ಪಕ್ಕೆಲುಬಿನ ಉದ್ದ ಕೋಲು ಕಟ್ಟಿ, ಅದರಿಂದ ಹಣ್ಣು ಕೆಡವುತ್ತಾರೆ. ನಮ್ಮ ತೋಟದ ದೋಟಿ ಇದ್ದ ಹಾಗೇ. ಅಮ್ಮ ಅದರ ಫೋಟೋ ತೆಗೆಸಿ ಊರಿಗೆ ಕಳಿಸಿದರು. ನೀವು ಮಾತ್ರ ಕೈ ಹಾಕಬೇಡಿ. ಸಗ್ವಾರೋಗೆ ಪೆಟ್ಟು ಮಾಡುವುದು ಇಲ್ಲಿ ಕಾನೂನು ಪ್ರಕಾರ ಅಪರಾಧ.

ಚೋಯಾ ಕಳ್ಳಿ ಹತ್ತಿರ ಸೀರೆ ಸೆರಗು ಹಾರಾಡಲು ಬಿಡಬೇಡಿ. ನೋಡಲು ಕರಡಿ ಮರಿಯ ತುಪ್ಪಳ. ಸೋಕಿದರೆ ಸಾಕು, ಇಡೀ ಗೆಣ್ಣು ಕಳಚಿ ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆ, ಕೈಯಿಂದ ಎಳೆದರೆ ಕೈಗೂ ಹತ್ತುತ್ತದೆ. ಅಮ್ಮನ ಮೈಸೂರು ಸಿಲ್ಕ್‌ನಿಂದ ಬಾಚಣಿಗೆ ತೂರಿಸಿ ಚಿಮ್ಮಿ ತೆಗೆದೆ. ಅಷ್ಟಾದರೂ ಜರಿ ನಾಲ್ಕು ಬೆರಳಗಲ ಕಿತ್ತುಹೋಯಿತು. 18 ಸಾವಿರದ ಸೀರೆ. ಕಾರಿನಲ್ಲಿ ಅಗಲ ಹಲ್ಲಿನ ಬಾಚಣಿಗೆ ಒಂದು ಇರಲೇಬೇಕು.

ದಾವಣಗೆರೆ, ಫ್ಲ್ಯಾಗ್‌ಸ್ಟಾಫ್

ಜೂನ್ ಬಂದ ಮೇಲೆ ಅವರನ್ನು ಫೀನಿಕ್ಸಿನಲ್ಲಿ ಮನೆಯೊಳಗೆ ಕೂಡಿಹಾಕಬೇಡಿ. ಎರಡೂಕಾಲು ಗಂಟೆ ಮೇಲಕ್ಕೆ ಬಂದರೆ ನಮ್ಮ ಊರು, 7000 ಅಡಿ, ರಾತ್ರಿ ಸ್ವೆಟರ್ ಬೇಕು. ನೋಡಲೂ ಹೊಸದಿದೆ. ಪ್ಲೂಟೋ ಕಂಡುಹಿಡಿದ ಲೋವೆಲ್ ವೀಕ್ಷಣಾಲಯದಲ್ಲಿ 2024 ರ ನವೆಂಬರ್‌ನಲ್ಲಿ ದೊಡ್ಡ ಹೊಸ ಕೇಂದ್ರ ತೆರೆದಿದ್ದಾರೆ. 1930 ರಲ್ಲಿ ಪ್ಲೂಟೋ ಸಿಕ್ಕಿದ್ದು ಇದೇ ಗುಡ್ಡದ ಮೇಲೆ. ಊರಿನ ದೀಪಗಳನ್ನು ತಗ್ಗಿಸಿಟ್ಟು ಆಕಾಶ ಉಳಿಸಿಕೊಂಡಿದ್ದೇವೆ. ನಮ್ಮ ತಾಯಿ ಇಲ್ಲಿ ಕ್ಷೀರಪಥವನ್ನು ಬರಿಗಣ್ಣಲ್ಲಿ ನೋಡಿ, ಚಿಕ್ಕವಳಿದ್ದಾಗ ಅಂಗಳದಲ್ಲಿ ನೋಡಿದ್ದು ಇದೇ ಅಂದರು.

ಈ ವರ್ಷ ರೂಟ್ 66 ಹೆದ್ದಾರಿಗೆ ನೂರು. 1926 ರ ನವೆಂಬರ್ 11 ಕ್ಕೆ ಹುಟ್ಟಿದ್ದು. ವಿಲಿಯಮ್ಸ್, ಸೆಲಿಗ್‌ಮನ್, ಕಿಂಗ್‌ಮನ್, ಎಲ್ಲಾ ಕಡೆ ಜನಜಂಗುಳಿ ಇರುತ್ತದೆ. ವಾರಾಂತ್ಯಕ್ಕೆ ರೂಮು ಈಗಲೇ ಹಿಡಿಯಿರಿ. ನನ್ನ ತಮ್ಮನಿಗೆ ವಿಲಿಯಮ್ಸ್‌ನಲ್ಲಿ ಮಾಮೂಲಿ ಮೋಟೆಲ್ ರೂಮಿಗೆ 260 ಕೇಳಿದರು. ಗ್ರ್ಯಾಂಡ್ ಕ್ಯಾನ್ಯನ್ ಉತ್ತರದ ಅಂಚಿನ ಹಳೇ ಲಾಡ್ಜ್ ಹೋದ ಜುಲೈನ ಬೆಂಕಿಯಲ್ಲಿ ಸುಟ್ಟುಹೋಗಿದೆ. ಅಲ್ಲಿ ಉಳಿದುಕೊಳ್ಳಿ ಅಂತ ಬರೆದಿರುವ ಲೇಖನ ನೋಡಿ ಹೊರಡಬೇಡಿ.

ಒಂಟಿಕೊಪ್ಪಲ್, ಸ್ಕಾಟ್ಸ್‌ಡೇಲ್

ಒಂದು ಮಾತು ಕೇಳಲೇಬೇಕು. ಏಪ್ರಿಲ್‌ನಿಂದ ಜುಲೈ ತನಕ, ಇಬ್ಬರಿಗೂ ಆಫೀಸ್. ಮನೆಯಲ್ಲಿ ಮಗು ಇದೆಯಾ? ಮೊಮ್ಮಗು ನೋಡಿಕೊಳ್ಳಲು ಕರೆಸಿಕೊಂಡು, ಭಾನುವಾರ ಒಂದು ದಿನ ಊರು ತೋರಿಸುವವರನ್ನು ಬಹಳ ನೋಡಿದ್ದೇನೆ. ಬಿಸಿಲಲ್ಲೇ ಯಾಕೆ ಬರುತ್ತಾರೆ? ಶಾಲೆಗೆ ರಜೆ, ಡೇ ಕೇರ್ ದುಡ್ಡು ಉಳಿಯುತ್ತದೆ ಅಂತ.

ಸಾಗರದ ಸೊಸೆ, ಚಾಂಡ್ಲರ್

ನನಗೆ ಮಕ್ಕಳಿಲ್ಲ ಮೇಡಂ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಮುಗಿಯುವುದು ಆಗಲೇ. ತೋಟ ಬಿಟ್ಟು ಬರಲು ಅವರಿಗೆ ಬೇರೆ ಕಾಲ ಇಲ್ಲ.

ಟೆಂಪಿ ನರ್ಸ್

@ಒಂಟಿಕೊಪ್ಪಲ್, ಹೆಸರು ಗೊತ್ತಿಲ್ಲದವರ ಮನೆ ವಿಷಯ ಯಾಕೆ? ನನ್ನ ಮಗುವನ್ನು ನಮ್ಮಮ್ಮನೇ ನೋಡಿಕೊಂಡರು. ಅವರಾಗೇ ಬಯಸಿ ಬಂದರು. ಅದನ್ನು ಕೂಲಿ ಕೆಲಸದ ಹಾಗೆ ಮಾತಾಡಬೇಡಿ.

ಕಲಬುರಗಿ ಮಂದಿ, ಪಿಯೋರಿಯಾ

ಈ ಮಾತಿನಲ್ಲಿ ನಾನು ನರ್ಸ್ ತಂಗಿ ಕಡೆ. ಸಾಗರದವರೇ, ಬಿಸಿಲಿಗೆ ಹೆದರುವುದಾದರೆ ಸೌತ್ ಮೌಂಟನ್ ಮೇಲೆ ಡಾಬಿನ್ಸ್ ಲುಕ್ಔಟ್ ತನಕ ಕಾರೇ ಹೋಗುತ್ತದೆ. ಇಡೀ ಊರು ಕಾಣುತ್ತದೆ. ಸಂಜೆ ಹೋಗಿ. ತಿಂಗಳಿಗೊಂದು ಭಾನುವಾರ ಅಲ್ಲಿ ಗಾಡಿ ಬಿಡುವುದಿಲ್ಲ, ಬರೀ ನಡೆಯುವವರಿಗೆ, ಸೈಕಲ್ಲಿನವರಿಗೆ. ನಾವು ಬುತ್ತಿ ಕಟ್ಟಿಕೊಂಡು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಹಿಡಿದು ಹೋಗಿ ಗೇಟಿನಿಂದ ವಾಪಸ್ ಬಂದೆವು. ತಾರೀಖು ನೋಡಿ ಹೊರಡಿ.

ತುಮಕೂರು, ಟೆಂಪಿ

ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂ ಯಾರೂ ಹೇಳಲಿಲ್ಲ. ಹೊಸದಲ್ಲ, 2010 ರದ್ದು. ಆದರೆ ಜುಲೈ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಪೂರ್ತಿ ಎಸಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವ ದೇಶದ ಮುಂದೆ ನಿಂತರೆ ಆ ದೇಶದ ವಾದ್ಯ ತಾನಾಗೇ ಕೇಳಿಸುತ್ತದೆ. ಭಾಷೆ ಬೇಕಾಗಿಲ್ಲ. ಕೂರಲು ಬೆಂಚುಗಳಿವೆ.

ಹಾಸನದವ, ಗಿಲ್ಬರ್ಟ್

ಆಂಟಿಲೋಪ್ ಕ್ಯಾನ್ಯನ್‌ಗೆ ಹೋಗುವುದಾದರೆ ಅದು ನವಾಹೋ ಜನರ ಜಾಗ, ಈ 100 ಡಾಲರ್ ಫೀಸ್ ಇಲ್ಲ. ಗೈಡ್ ಜೊತೆಗೇ ಹೋಗಬೇಕು, ತಲೆಗೆ ದುಡ್ಡು. ಆದರೆ ಗಡಿಯಾರದ ಗೊಂದಲ ಇದೆ. ಅರಿಜೋನಾದಲ್ಲಿ ಬೇಸಿಗೆಗೆ ಗಂಟೆ ಮುಂದೆ ಹಾಕಲ್ಲ, ನವಾಹೋ ನೆಲದಲ್ಲಿ ಹಾಕುತ್ತಾರೆ. ನನ್ನ ಗೆಳೆಯನ ಫೋನ್ ದಾರಿಯಲ್ಲಿ ಸಮಯ ಬದಲಾಯಿಸಿಕೊಂಡು, ಪೂರ್ತಿ ಒಂದು ಗಂಟೆ ಮುಂಚೆ ಹೋಗಿ ಬಿಸಿಲಲ್ಲಿ ನಿಂತರು.

ದಾವಣಗೆರೆ, ಫ್ಲ್ಯಾಗ್‌ಸ್ಟಾಫ್

ಮುಂಚೆ ಹೋದದ್ದೇ ಪುಣ್ಯ. ಮಾನ್ಯುಮೆಂಟ್ ವ್ಯಾಲಿಯಲ್ಲಿ ಇದೇ ಗೊಂದಲಕ್ಕೆ ನಮ್ಮವರು ಒಂದು ಗಂಟೆ ತಡ ಆಗಿ ಟೂರ್ ತಪ್ಪಿಸಿಕೊಂಡರು, ತಲೆಗೆ 95 ರಂತೆ ನಾಲ್ಕು ಜನರದ್ದು ಹೋಯಿತು. ಆಂಟಿಲೋಪ್ ಟೂರ್‌ಗಳು ಸಾಮಾನ್ಯವಾಗಿ ಅರಿಜೋನಾ ಸಮಯದಲ್ಲಿ, ಮಾನ್ಯುಮೆಂಟ್ ವ್ಯಾಲಿ ನವಾಹೋ ಸಮಯದಲ್ಲಿ. ಬುಕ್ ಮಾಡುವಾಗ ಯಾವ ಗಡಿಯಾರ ಅಂತ ಬರೆದು ಕೇಳಿ. ಮಂಡಿ ನೋವಿನವರಾದರೆ ಆಂಟಿಲೋಪ್‌ನ ಕೆಳಗಿನ ಕಣಿವೆ ಬೇಡ. ಕಬ್ಬಿಣದ ಏಣಿ ಇಳಿಯಬೇಕು. ಮೇಲಿನದರ ಒಳಗೆ ನೆಲ ಸಮತಟ್ಟು, ದರ ಜಾಸ್ತಿ. ವಾಪಸ್ ಬರುವ ದಾರಿಯಲ್ಲಿ ಮೆಟ್ಟಿಲಿದೆಯಾ ಅಂತ ಕೇಳಿ.

ಸಾಗರದ ಸೊಸೆ, ಚಾಂಡ್ಲರ್

ಎಲ್ಲರಿಗೂ ಥ್ಯಾಂಕ್ಸ್. ಬೊಟಾನಿಕಲ್ ಗಾರ್ಡನ್ ಬರೆದಿಟ್ಟುಕೊಂಡೆ, ವಿಮೆಯ ಸಾಲನ್ನು ಇವತ್ತೇ ಓದುತ್ತೇನೆ. ಬೆಂಗಳೂರಿನಿಂದ ಲಂಡನ್ ಮೇಲೆ ಬರುತ್ತಿದ್ದಾರೆ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ವೀಲ್‌ಚೇರ್ ಕೇಳಿದರೆ ಎಲ್ಲಿಯ ತನಕ ಬಿಡುತ್ತಾರೆ?

ಕುಂದಾಪ್ರ, ಡೌನ್‌ಟೌನ್

ಟಿಕೆಟ್ ಮಾಡಿಸುವಾಗಲೇ ಇಬ್ಬರಿಗೂ ಕೇಳಿ. ಮಾವನಿಗೊಬ್ಬರಿಗೇ ಕೇಳಿದರೆ ಲಂಡನ್ನಿನಲ್ಲಿ ಅತ್ತೆ ಹಿಂದೆ ಓಡಬೇಕಾಗುತ್ತದೆ. ಇಲ್ಲಿ ಟರ್ಮಿನಲ್ 4 ರಲ್ಲಿ ಇಮಿಗ್ರೇಷನ್, ಲಗೇಜ್ ಎಲ್ಲ ಮುಗಿಸಿ ಹೊರಗಿನ ಬಾಗಿಲ ತನಕ ತಂದು ಬಿಡುತ್ತಾರೆ. ನೀವು ಅಲ್ಲೇ ಕಾಯಿರಿ. ನಿಮ್ಮ ಫೋನ್ ನಂಬರ್, ಮನೆ ವಿಳಾಸ ಕಾಗದದ ಮೇಲೆ ಬರೆದು ಇಬ್ಬರ ಜೇಬಿಗೂ ಹಾಕಿಸಿ. ರೈಲಿನಲ್ಲಿ ಕರೆತರಬೇಕು ಅಂದರೆ ಏರ್‌ಪೋರ್ಟಿನದೇ ಸ್ಕೈ ಟ್ರೈನ್ ಇದೆ, ಲೈಟ್ ರೈಲಿನ 44 ನೇ ಬೀದಿಯ ಸ್ಟೇಷನ್ ತನಕ ಪುಕ್ಕಟೆ.

ತುಮಕೂರು, ಟೆಂಪಿ

ಅಷ್ಟು ದೂರ ಹಾರಿ ಬಂದ ಮುದುಕರನ್ನು, ನಾಲ್ಕು ಸೂಟ್‌ಕೇಸ್ ಸಮೇತ ರೈಲಿನಲ್ಲಿ? ದಯವಿಟ್ಟು ಕಾರು ತನ್ನಿ.

ಕುಂದಾಪ್ರ, ಡೌನ್‌ಟೌನ್

ಅಪ್ಪಯ್ಯನನ್ನು ಹಾಗೇ ಕರೆತಂದೆ. ನಾಲ್ಕಲ್ಲ, ಎರಡು ಸೂಟ್‌ಕೇಸ್, ಒಂದು ಹಲಸಿನ ಹಪ್ಪಳದ ಡಬ್ಬ. ಲಿಫ್ಟ್ ಇದೆ, ಎಲ್ಲೂ ಮೆಟ್ಟಿಲು ಹತ್ತಲಿಲ್ಲ.